ಗಡಸು ಉಕ್ಕಿನ ಟರ್ನಿಂಗ್‌ನಲ್ಲಿ ಅತ್ಯಲ್ಪ ಕೂಲಂಟ್: ಉಳಿತಾಯ ಇರುವುದೆಲ್ಲಿ?

ಗೇರ್, ಶಾಫ್ಟ್, ಬೇರಿಂಗ್ ರಿಂಗ್, ಹೈಡ್ರಾಲಿಕ್ ಸ್ಪೂಲ್ ಮುಂತಾದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಉದ್ದಿಮೆಗಳಲ್ಲಿ ಕೆಲಸದ ಕ್ರಮವು ಬಹುಕಾಲ ಒಂದೇ ಬಗೆಯಾಗಿತ್ತು. ಮೆದು ಸ್ಥಿತಿಯಲ್ಲಿರುವ ಉಕ್ಕನ್ನು ಲೇತ್‌ನಲ್ಲಿ ಕಡೆಯುವುದು, ಹೀಟ್ ಟ್ರೀಟ್‌ಮೆಂಟ್‌ಗೆ ಕಳುಹಿಸಿ ಗಡಸುಗೊಳಿಸುವುದು, ಮರಳಿ ಬಂದ ಭಾಗವನ್ನು ಗ್ರೈಂಡಿಂಗ್ ಮಾಡಿ ಅಂತಿಮ ಅಳತೆಗೆ ತರುವುದು. ಸಿಬಿಎನ್ ಮತ್ತು ಸೆರಾಮಿಕ್ ಇನ್ಸರ್ಟ್‌ಗಳು ಹಾಗೂ ಬಿಗಿಯಾದ ಸಿಎನ್‌ಸಿ ಲೇತ್‌ಗಳು ಸಣ್ಣ ಘಟಕಗಳಿಗೂ ಎಟಕುವಂತಾದ ಮೇಲೆ ಈ ಕ್ರಮದ ಕೊನೆಯ ಹಂತ ಬದಲಾಗಿದೆ. ರಾಕ್‌ವೆಲ್ ಸಿ ಮಾಪನದಲ್ಲಿ 45ರಿಂದ 65ರವರೆಗಿನ ಗಡಸುತನವುಳ್ಳ ಉಕ್ಕನ್ನು ನೇರವಾಗಿ ಲೇತ್‌ನಲ್ಲಿಯೇ ಅಂತಿಮ ಅಳತೆಗೆ ಕಡೆಯಬಹುದಾಗಿದೆ. ಇದಕ್ಕೆ ಹಾರ್ಡ್ ಟರ್ನಿಂಗ್ ಎಂಬ ಹೆಸರು ರೂಢಿಯಲ್ಲಿದೆ. ಗ್ರೈಂಡಿಂಗ್‌ಗಾಗಿ ಹೊರಗಿನ ಜಾಬ್‌ವರ್ಕ್ ಘಟಕಕ್ಕೆ ಮಾಲು ಕಳುಹಿಸಿ ಕಾಯುವ ದಿನಗಳು ಉಳಿಯುತ್ತವೆ ಎಂಬುದೇ ಈ ಪದ್ಧತಿಯ ಮುಖ್ಯ ಆಕರ್ಷಣೆ.

ಈ ಪದ್ಧತಿಗೆ ಬಂದವರೆಲ್ಲರ ಮುಂದೆ ಏಳುವ ಪ್ರಶ್ನೆ ಕೂಲಂಟ್‌ನದು. ಹಿಂದಿನಂತೆ ಧಾರಾಳವಾಗಿ ಹರಿಸಬೇಕೆ, ಪೂರ್ತಿ ನಿಲ್ಲಿಸಿ ಒಣದಾಗಿ ಕಡೆಯಬೇಕೆ, ಅಥವಾ ಇವೆರಡರ ನಡುವಣ ದಾರಿಯಾದ ಅತ್ಯಲ್ಪ ಪ್ರಮಾಣದ ಪ್ರಯೋಗವನ್ನು ಅನುಸರಿಸಬೇಕೆ? ಉಪಕರಣ ಮಾರಾಟಗಾರರು ಮೂರನೆಯ ದಾರಿಯನ್ನು ಎಣ್ಣೆಯ ಬಿಲ್ಲಿನ ಉಳಿತಾಯವೆಂದು ಮುಂದಿಡುತ್ತಾರೆ. ಲೆಕ್ಕವನ್ನು ಬಿಡಿಸಿ ನೋಡಿದರೆ, ಈ ನಿರ್ಧಾರದಲ್ಲಿ ಎಣ್ಣೆಯ ಬಿಲ್ಲಿನ ಪಾತ್ರ ಚಿಕ್ಕದೆಂದು ತಿಳಿಯುತ್ತದೆ.

ಕೂಲಂಟ್ ಮಾಡುವ ಕೆಲಸ

ಲೋಹವನ್ನು ಕಡೆಯುವಾಗ ನೀರು ಹರಿಸುವುದರ ಲಾಭವನ್ನು ಪದ್ಧತಿಬದ್ಧವಾಗಿ ದಾಖಲಿಸಿದವನು ಅಮೆರಿಕದ ಎಫ್. ಡಬ್ಲ್ಯೂ. ಟೇಲರ್. ಟೂಲ್‌ನ ಮೇಲೆ ನೀರಿನ ದಪ್ಪ ಧಾರೆಯನ್ನು ಬಿಟ್ಟರೆ ಕಡೆಯುವ ವೇಗವನ್ನು ಶೇ. 40ರವರೆಗೂ ಹೆಚ್ಚಿಸಬಹುದೆಂದು ಆತ 1907ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಿಳಿಸಿದ್ದಾನೆ. ಆತನ ಕಾಲದ ಟೂಲ್‌ಗಳು ಉಕ್ಕಿನವು. ಬಿಸಿಯಾದೊಡನೆ ಹದ ಕಳೆದುಕೊಳ್ಳುತ್ತಿದ್ದವು. ಆದುದರಿಂದ ತಂಪು ಮಾಡುವುದೇ ಆಗ ಮುಖ್ಯವಾಗಿತ್ತು. ಅಲ್ಲಿಂದೀಚೆಗೆ ಟೂಲ್‌ಗಳು ಬದಲಾದರೂ ಧಾರೆ ಹರಿಸುವ ಅಭ್ಯಾಸ ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಕೂಲಂಟ್‌ನಿಂದ ಮೂರು ಕೆಲಸಗಳನ್ನು ನಿರೀಕ್ಷಿಸಲಾಗುತ್ತದೆ. ಶಾಖವನ್ನು ಒಯ್ಯುವುದು, ಟೂಲ್ ಮತ್ತು ಚಿಪ್ ಉಜ್ಜುವ ಜಾಗದಲ್ಲಿ ಘರ್ಷಣೆಯನ್ನು ಇಳಿಸುವುದು, ಚಿಪ್ಸ್ ಅನ್ನು ತೊಳೆದು ದೂರ ಸಾಗಿಸುವುದು. ಗಡಸು ಉಕ್ಕಿನ ವಿಷಯದಲ್ಲಿ ಮೊದಲನೆಯ ಕೆಲಸವೇ ಸಂದೇಹಕ್ಕೆ ಒಳಗಾಗುತ್ತದೆ. ಇಲ್ಲಿ ಶಾಖವು ಸಂಪೂರ್ಣ ಶತ್ರುವಲ್ಲ. ಟೂಲ್‌ನ ಮೊನೆಯ ಮುಂದಿನ ಕಿರಿದಾದ ಪ್ರದೇಶ ಬಿಸಿಯಾಗಿ ಕ್ಷಣಕಾಲ ಮೆದುವಾಗುವುದರಿಂದಲೇ ಅಷ್ಟು ಗಡಸಾದ ಉಕ್ಕು ಚಿಪ್ ಆಗಿ ಕಳಚಿಕೊಳ್ಳುತ್ತದೆ. ಆ ಶಾಖದ ಬಹುಪಾಲು ಚಿಪ್‌ನೊಡನೆಯೇ ಹೊರಟುಹೋಗುತ್ತದೆ. ಸಿಬಿಎನ್ ಹೆಚ್ಚಿನ ಬಿಸಿಯಲ್ಲಿಯೂ ತನ್ನ ಗಡಸುತನವನ್ನು ಬಿಟ್ಟುಕೊಡುವುದಿಲ್ಲ. ಅದರ ಮೇಲೆ, ಅದರಲ್ಲಿಯೂ ಸೆರಾಮಿಕ್ ಇನ್ಸರ್ಟ್‌ನ ಮೇಲೆ, ತಂಪು ಧಾರೆ ಒಮ್ಮೆ ಬಿದ್ದು ಒಮ್ಮೆ ತಪ್ಪಿದರೆ ಬಿಸಿ-ತಂಪಿನ ಹೊಡೆತಕ್ಕೆ ಮೊನೆ ಬಿರಿಯುವ ಸಂಭವವಿದೆ. ಕೀ-ವೇ ಅಥವಾ ಅಡ್ಡರಂಧ್ರವಿರುವ ಶಾಫ್ಟ್‌ಗಳಲ್ಲಿ, ಅಂದರೆ ಕಡಿತವು ಮತ್ತೆ ಮತ್ತೆ ತುಂಡಾಗುವ ಕಡೆ, ಒಣದಾಗಿ ಕಡೆಯುವಂತೆ ಟೂಲ್ ತಯಾರಕರು ಸಲಹೆ ನೀಡುವುದು ಈ ಕಾರಣಕ್ಕೆ.

ಹಾಗಾದರೆ ಎಲ್ಲವನ್ನೂ ಒಣದಾಗಿಯೇ ಕಡೆದರೆ ಸಾಲದೆ? ಅನೇಕ ಘಟಕಗಳು ಹಾಗೆಯೇ ಮಾಡುತ್ತಿವೆ. ಆದರೆ ಅಳತೆಯ ತೊಡಕೊಂದು ಉಳಿಯುತ್ತದೆ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 11ರಿಂದ 12 ಮೈಕ್ರಾನ್ ಹಿಗ್ಗುತ್ತದೆ. 50 ಮಿ.ಮೀ. ವ್ಯಾಸದ ಶಾಫ್ಟ್ 20 ಡಿಗ್ರಿ ಬಿಸಿಯೇರಿದರೆ ಅದರ ವ್ಯಾಸ 11 ಮೈಕ್ರಾನ್‌ಗೂ ಹೆಚ್ಚು ಬೆಳೆದಿರುತ್ತದೆ. ಆ ವ್ಯಾಸಕ್ಕೆ ಎಚ್ 6 ದರ್ಜೆಯ ಶಾಫ್ಟ್‌ಗಿರುವ ಸಹನಮಿತಿ ಒಟ್ಟು 16 ಮೈಕ್ರಾನ್. ಬಿಸಿಯಿರುವಾಗಲೇ ಅಳೆದು ಸರಿಯಿದೆಯೆಂದು ಕಳುಹಿಸಿದ ಭಾಗ ಗ್ರಾಹಕರ ತಪಾಸಣೆಯ ಮೇಜಿನ ಮೇಲೆ ತಣ್ಣಗಾಗಿ ಅಳತೆ ತಪ್ಪುವುದು ಹೀಗೆ. ಗ್ರೈಂಡಿಂಗ್ ಬಿಟ್ಟು ಹಾರ್ಡ್ ಟರ್ನಿಂಗ್‌ಗೆ ಬಂದವರು ಮೊದಲ ತಿಂಗಳಲ್ಲಿಯೇ ಎದುರಿಸುವ ಕಷ್ಟವಿದು.

ಅತ್ಯಲ್ಪ ಎಂದರೆ ಎಷ್ಟು?

ಧಾರೆ ಹರಿಸುವ ಪದ್ಧತಿಯಲ್ಲಿ ನಿಮಿಷಕ್ಕೆ ಹಲವು ಲೀಟರ್ ಕೂಲಂಟ್ ಸುತ್ತುತ್ತದೆ. ಅತ್ಯಲ್ಪ ಪದ್ಧತಿಯ ಮಾತಿರುವುದು ಗಂಟೆಗೆ ಮಿಲಿಲೀಟರ್‌ಗಳಲ್ಲಿ. ಇದರಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಒತ್ತಿದ ಗಾಳಿಯೊಡನೆ ಎಣ್ಣೆಯನ್ನು ಮಂಜಿನಂತೆ ಬೆರೆಸಿ ನಾಝಲ್ ಮೂಲಕ ಟೂಲ್‌ನ ಮೊನೆಗೆ ಊದಲಾಗುತ್ತದೆ. ಸಾಮಾನ್ಯವಾಗಿ ಗಂಟೆಗೆ 10ರಿಂದ 100 ಮಿ.ಲೀ. ಎಣ್ಣೆ ಸಾಕಾಗುತ್ತದೆ. ಮಾರುಕಟ್ಟೆಯಲ್ಲಿ ದೊರೆಯುವ ಉಪಕರಣಗಳಲ್ಲಿ ಹೆಚ್ಚಿನವು ಈ ಬಗೆಯವು.

ಇನ್ನೊಂದು ಬಗೆಯ ಕುರಿತು ನಮ್ಮ ದೇಶದಲ್ಲಿಯೇ ಗಣನೀಯ ಕೆಲಸ ನಡೆದಿದೆ ಎಂಬುದನ್ನು ಉದ್ದಿಮೆದಾರರು ಗಮನಿಸಬೇಕು. ಮದರಾಸಿನ ಐಐಟಿಯಲ್ಲಿ ವರದರಾಜನ್, ಫಿಲಿಪ್ ಮತ್ತು ರಾಮಮೂರ್ತಿ ಅವರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಳಿಯ ಬಳಕೆಯಿಲ್ಲ. ಡೀಸೆಲ್ ಎಂಜಿನ್‌ಗೆ ಇಂಧನವನ್ನು ಚಿಮ್ಮಿಸುವ ರೀತಿಯಲ್ಲಿಯೇ, ನೀರಿನಲ್ಲಿ ಕದಡಿದ ಎಣ್ಣೆಯನ್ನು ಸುಮಾರು 20 ಮೆಗಾಪಾಸ್ಕಲ್ ಒತ್ತಡದಲ್ಲಿ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋ ಒತ್ತಡದಲ್ಲಿ, ನಿಮಿಷಕ್ಕೆ 600 ಬಾರಿ ಬಿಟ್ಟು ಬಿಟ್ಟು ಚಿಮ್ಮಿಸಲಾಯಿತು. ಬಳಕೆಯಾದ ದ್ರವ ನಿಮಿಷಕ್ಕೆ 2 ಮಿ.ಲೀ. ಮಾತ್ರ. ಭಾಗಿಸಿ ನೋಡಿದರೆ ಪ್ರತಿ ಚಿಮ್ಮಿಗೆ ಒಂದು ಮಿ.ಲೀ.ನ ಮುನ್ನೂರರಲ್ಲಿ ಒಂದು ಪಾಲು. ಔಷಧದ ಡ್ರಾಪರ್‌ನಿಂದ ಬೀಳುವ ಹನಿಯೂ ಇದರ ಹತ್ತಾರು ಪಟ್ಟು ದೊಡ್ಡದು. ಪ್ರಯೋಗಕ್ಕೆ ಆರಿಸಿಕೊಂಡದ್ದು 4340 ಉಕ್ಕು, ನಮ್ಮ ಘಟಕಗಳಲ್ಲಿ ಇಎನ್ 24 ಎಂಬ ಹೆಸರಿನಿಂದ ಪರಿಚಿತವಾದುದರ ಹತ್ತಿರದ ಸಂಬಂಧಿ. ಗಡಸುತನ 46. ಕಡಿತದ ಬಲ, ಶಾಖ, ಟೂಲ್‌ನ ಬಾಳಿಕೆ, ಮೇಲ್ಮೈಯ ನಯ ಈ ಎಲ್ಲ ದೃಷ್ಟಿಯಿಂದಲೂ ಒಟ್ಟಾರೆ ಫಲಿತಾಂಶವು ಒಣ ಟರ್ನಿಂಗ್‌ಗಿಂತಲೂ ಧಾರೆಯ ಟರ್ನಿಂಗ್‌ಗಿಂತಲೂ ಉತ್ತಮವಾಗಿತ್ತೆಂದು ಅಧ್ಯಯನ ತಿಳಿಸುತ್ತದೆ.

ಇಷ್ಟು ಕಡಿಮೆ ದ್ರವ ಇಷ್ಟು ಕೆಲಸ ಮಾಡುವುದು ಹೇಗೆ ಎಂಬ ಸಂದೇಹ ಸಹಜ. ಧಾರೆಯಾಗಿ ಹರಿಯುವ ಕೂಲಂಟ್‌ನ ಬಹುಪಾಲು ಅಗತ್ಯವಿರುವ ಜಾಗವನ್ನು ತಲುಪುವುದೇ ಇಲ್ಲ. ಚಿಪ್‌ನ ಬೆನ್ನನ್ನೂ ಚಕ್‌ನ ದವಡೆಗಳನ್ನೂ ತೊಳೆದು ಸಂಪ್‌ಗೆ ಮರಳುತ್ತದೆ. ಟೂಲ್‌ಗೂ ಚಿಪ್‌ಗೂ ನಡುವೆ ಇರುವುದು ಕೂದಲೆಳೆಗಿಂತ ಕಿರಿದಾದ ಸಂದು. ವೇಗವಾಗಿ ಚಿಮ್ಮಿದ ಸಣ್ಣ ಹನಿಗಳು ಅದರೊಳಗೆ ನುಗ್ಗಬಲ್ಲವು. ಅಲ್ಲಿನ ಬಿಸಿಗೆ ನೀರು ಆವಿಯಾಗಿ ಶಾಖವನ್ನು ಹೀರುತ್ತದೆ, ಎಣ್ಣೆಯ ತೆಳು ಪದರ ಘರ್ಷಣೆಯನ್ನು ಇಳಿಸುತ್ತದೆ. ಘರ್ಷಣೆ ಇಳಿದಾಗ ಚಿಪ್ ಬೇಗ ಸುರುಳಿಯಾಗಿ ಟೂಲ್‌ನಿಂದ ಕಳಚುತ್ತದೆ, ಹುಟ್ಟುವ ಶಾಖವೂ ಕಡಿಮೆಯಾಗುತ್ತದೆ. ತಂಪು ಮಾಡುವುದಕ್ಕಿಂತ ಬಿಸಿ ಹುಟ್ಟದಂತೆ ನೋಡಿಕೊಳ್ಳುವ ತತ್ತ್ವವಿದು. ನಾಝಲ್‌ನ ದಿಕ್ಕು ಒಂದೆರಡು ಮಿ.ಮೀ. ತಪ್ಪಿದರೂ ಈ ಲಾಭ ಕೈಬಿಡುತ್ತದೆ. ಧಾರೆಯಲ್ಲಿ ನಡೆಯುವ ಅಜಾಗರೂಕತೆ ಇಲ್ಲಿ ನಡೆಯದು.

ಸಂಪ್‌ನ ಲೆಕ್ಕ

ಕೂಲಂಟ್‌ನ ಖರ್ಚೆಂದರೆ ಎಣ್ಣೆಯ ಡಬ್ಬಿಯ ಖರೀದಿ ಬಿಲ್ಲು ಎಂದೇ ಅನೇಕ ಘಟಕಗಳ ಲೆಕ್ಕಪುಸ್ತಕಗಳು ತಿಳಿದಿರುತ್ತವೆ. ಅದು ಕನ್ಸ್ಯೂಮಬಲ್ಸ್ ಖಾತೆಯಲ್ಲಿ ಹತ್ತಿಬಟ್ಟೆ, ಗ್ರೀಸ್‌ಗಳ ಜೊತೆ ಸೇರಿ ಮರೆಯಾಗುತ್ತದೆ. ಬಿಡಿಸಿ ನೋಡಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಇಲ್ಲಿನ ದರಗಳು ಲೆಕ್ಕದ ದಾರಿಯನ್ನು ತೋರಿಸುವುದಕ್ಕಷ್ಟೇ. ಪ್ರತಿಯೊಬ್ಬರೂ ತಮ್ಮ ದರಗಳನ್ನು ತುಂಬಿಕೊಳ್ಳಬೇಕು.

ಒಂದು ಸಿಎನ್‌ಸಿ ಲೇತ್, 150 ಲೀಟರ್‌ನ ಸಂಪ್, ದಿನಕ್ಕೆ ಒಂದು ಪಾಳಿ, ವರ್ಷಕ್ಕೆ 300 ದಿನ. ಶೇ. 5ರ ಮಿಶ್ರಣಕ್ಕೆ ಒಮ್ಮೆ ತುಂಬಲು ಏಳೂವರೆ ಲೀಟರ್ ಎಣ್ಣೆ ಬೇಕು. ಮೂರು ತಿಂಗಳಿಗೊಮ್ಮೆ ಬದಲಿಸಿದರೆ ವರ್ಷಕ್ಕೆ 30 ಲೀಟರ್. ಆವಿಯಾಗಿಯೂ ಚಿಪ್ಸ್‌ಗೆ ಅಂಟಿಕೊಂಡೂ ಹೋಗುವುದನ್ನು ತುಂಬಲು ದಿನಕ್ಕೆ 10 ಲೀಟರ್ ಶೇ. 3ರ ಮಿಶ್ರಣವೆಂದರೆ ವರ್ಷಕ್ಕೆ 90 ಲೀಟರ್. ಒಟ್ಟು 120 ಲೀಟರ್; ಲೀಟರಿಗೆ 250 ರೂಪಾಯಿಯಂತೆ ರೂ. 30,000. ಖರೀದಿ ಖಾತೆಯಲ್ಲಿ ಕಾಣುವುದು ಇಷ್ಟೇ.

ಕಾಣದಿರುವುದು ಇನ್ನೂ ಅಷ್ಟಿದೆ. ಅರ್ಧ ಕಿಲೋವಾಟ್‌ನ ಪಂಪು 2,400 ಗಂಟೆ ಓಡಿದರೆ 1,200 ಯೂನಿಟ್. ಯೂನಿಟ್‌ಗೆ 8 ರೂಪಾಯಿಯಂತೆ ರೂ. 9,600. ಸಂಪ್ ಖಾಲಿ ಮಾಡಿ ತೊಳೆಯಲು ನಾಲ್ಕು ಬಾರಿ ಅರ್ಧ ದಿನ ಯಂತ್ರ ನಿಲ್ಲುವುದರಿಂದ, ಗಂಟೆಗೆ 400 ರೂಪಾಯಿಯ ದರದಲ್ಲಿ ರೂ. 6,400. (ಯಂತ್ರಕ್ಕೆ ಹೇಗೂ ಪೂರ್ತಿ ಕೆಲಸವಿಲ್ಲದ ಘಟಕದಲ್ಲಿ ಈ ಮೊತ್ತವನ್ನು ನಷ್ಟವೆಂದು ಬರೆಯುವಂತಿಲ್ಲ.) 600 ಲೀಟರ್ ಹಳೆಯ ಕೂಲಂಟ್‌ನ ವಿಲೇವಾರಿಗೆ ಸಾಗಣೆ ಸೇರಿ ಲೀಟರಿಗೆ 15 ರೂಪಾಯಿಯಂತೆ ರೂ. 9,000. ದಿನಕ್ಕೆ ಹತ್ತು ನಿಮಿಷ ಮಿಶ್ರಣವನ್ನು ಪರೀಕ್ಷಿಸಿ ತುಂಬುವ ಕೆಲಸಕ್ಕೆ ವರ್ಷಕ್ಕೆ 50 ಗಂಟೆ, ರೂ. 5,000. ಇವನ್ನೆಲ್ಲ ಕೂಡಿಸಿದರೆ ರೂ. 60,000. ಬಿಲ್ಲಿನಲ್ಲಿ ಕಂಡದ್ದು ಇದರ ಅರ್ಧ ಮಾತ್ರ.

ಹಳೆಯ ಕೂಲಂಟ್‌ನ ಬಗ್ಗೆ ಎರಡು ಮಾತು ಅಗತ್ಯ. ಭಾನುವಾರ ಯಂತ್ರ ನಿಂತಾಗ ಸ್ಲೈಡ್‌ಗಳಿಂದ ಸೋರಿದ ಎಣ್ಣೆ ಸಂಪ್‌ನ ಮೇಲೆ ಪೊರೆಯಾಗಿ ನಿಂತು ಗಾಳಿಯನ್ನು ತಡೆಯುತ್ತದೆ. ಗಾಳಿ ಬೇಡದ ಸೂಕ್ಷ್ಮಾಣುಗಳು ಒಳಗೆ ಬೆಳೆಯುತ್ತವೆ. ಸೋಮವಾರ ಬೆಳಿಗ್ಗೆ ಪಂಪು ಚಾಲೂ ಮಾಡಿದಾಗ ಏಳುವ ಕೊಳೆತ ಮೊಟ್ಟೆಯ ವಾಸನೆ ಅದರದು. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಕಡೆ ಮಿಶ್ರಣ ಒಡೆದು ಎಣ್ಣೆ ತೇಲುವುದು ಇನ್ನೊಂದು ತೊಂದರೆ. ಕೆಟ್ಟ ಕೂಲಂಟ್ ಅನ್ನು ಕಾರ್ಖಾನೆಯ ಹಿಂದಿನ ಚರಂಡಿಗೆ ಬಿಡುವ ಅಭ್ಯಾಸ ಕೆಲವೆಡೆ ಇದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಮತ್ತು ಎಣ್ಣೆಯಿಂದ ಕೂಡಿದ ತ್ಯಾಜ್ಯಗಳು ಅನುಸೂಚಿಯಲ್ಲಿ ಸೇರಿವೆ. ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ, ಅಧಿಕೃತ ಸಂಸ್ಥೆಗೇ ಒಪ್ಪಿಸಿ ದಾಖಲೆ ಇಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ವಾರ್ಷಿಕ ವಿವರಪತ್ರ ಸಲ್ಲಿಸಬೇಕು. ಚರಂಡಿಗೆ ಬಿಟ್ಟವರು ಉಳಿಸುವ ಒಂಬತ್ತು ಸಾವಿರ ರೂಪಾಯಿಗಳ ಎದುರಿಗೆ ಘಟಕದ ಅನುಮತಿಪತ್ರವೇ ಪಣಕ್ಕಿರುತ್ತದೆ.

ಈಗ ಗಾಳಿಯೊಡನೆ ಊದುವ ಅತ್ಯಲ್ಪ ಪದ್ಧತಿಯ ಖರ್ಚನ್ನು ನೋಡೋಣ. ಪಾಳಿಯ ಎಂಟು ಗಂಟೆಗಳಲ್ಲಿ ನಿಜವಾಗಿ ಲೋಹ ಕಡೆಯುವುದು ಐದು ಗಂಟೆಯೆಂದು ಹಿಡಿದರೆ ವರ್ಷಕ್ಕೆ 1,500 ಗಂಟೆ. ಗಂಟೆಗೆ 30 ಮಿ.ಲೀ.ನಂತೆ 45 ಲೀಟರ್ ಎಣ್ಣೆ. ಇದಕ್ಕೆ ಬೇಕಾದ ಎಸ್ಟರ್ ಜಾತಿಯ ಎಣ್ಣೆಗೆ ಲೀಟರಿಗೆ 600 ರೂಪಾಯಿ ಎಂದಿಟ್ಟುಕೊಂಡರೆ ರೂ. 27,000. ಒತ್ತಿದ ಗಾಳಿ ಪುಕ್ಕಟೆಯಲ್ಲ. ನಿಮಿಷಕ್ಕೆ 100 ಲೀಟರ್ ಗಾಳಿಗೆ ಕಂಪ್ರೆಸರ್‌ನಲ್ಲಿ ಸುಮಾರು 0.65 ಕಿಲೋವಾಟ್ ವಿದ್ಯುತ್ ಹಿಡಿಯುವುದರಿಂದ ವರ್ಷಕ್ಕೆ ರೂ. 7,800. ಮಂಜನ್ನು ಹೀರುವ ಫ್ಯಾನ್‌ಗೆ ರೂ. 6,600. ಒಟ್ಟು ರೂ. 41,400. ಧಾರೆಯ ಪದ್ಧತಿಗೆ ಹೋಲಿಸಿದರೆ ಉಳಿತಾಯ ರೂ. 18,600. ಉಪಕರಣ ಮತ್ತು ಹೀರುವ ಫ್ಯಾನ್ ಸೇರಿ ರೂ. 1,20,000 ಬಂಡವಾಳ ಹೂಡಬೇಕಾದರೆ ಅದು ಮರಳಲು ಆರು ವರ್ಷಕ್ಕೂ ಹೆಚ್ಚು ಕಾಲ ಬೇಕು. ಎಣ್ಣೆಯ ಪ್ರಮಾಣ 120 ಲೀಟರ್‌ನಿಂದ 45ಕ್ಕೆ ಇಳಿದರೂ ಎಣ್ಣೆಯ ಮೊತ್ತದಲ್ಲಿ ಉಳಿದದ್ದು ಮೂರು ಸಾವಿರ ಮಾತ್ರ ಎಂಬುದನ್ನು ಗಮನಿಸಬೇಕು.

ಮೇಲಾಗಿ, ಅನೇಕ ಸಣ್ಣ ಘಟಕಗಳಲ್ಲಿ ಒಂದೇ ಲೇತ್ ಬೆಳಿಗ್ಗೆ ಮೆದು ಉಕ್ಕನ್ನೂ ಮಧ್ಯಾಹ್ನ ಗಡಸು ಭಾಗವನ್ನೂ ಕಡೆಯುತ್ತದೆ. ಅಲ್ಲಿ ಸಂಪ್ ಅನ್ನು ತೆಗೆದುಹಾಕುವಂತಿಲ್ಲ. ಬಳಕೆ ಕಡಿಮೆಯಾಗಿ ನಿಂತ ಕೂಲಂಟ್ ಇನ್ನೂ ಬೇಗ ಕೆಡುತ್ತದೆ. ಅಂಥವರಿಗೆ ಮೇಲೆ ತೋರಿಸಿದ ಹದಿನೆಂಟು ಸಾವಿರವೂ ಕೈಗೆ ಬಾರದು, ಎರಡೂ ಪದ್ಧತಿಗಳ ಖರ್ಚು ಬೀಳುತ್ತದೆ.

ಟೂಲ್‌ನ ಮೊನೆಯ ಲೆಕ್ಕ

ಕೂಲಂಟ್ ಕಡಿತದ ಪರವಾಗಿ ಪದೇ ಪದೇ ಉದ್ಧರಿಸಲ್ಪಡುವ ಅಂಕಿಯೊಂದಿದೆ. ಜರ್ಮನಿಯ ಕ್ಲೋಕೆ ಮತ್ತು ಐಸೆನ್‌ಬ್ಲೇಟರ್ ಎಂಬ ಸಂಶೋಧಕರು 1997ರಲ್ಲಿ ಒಣ ಕಡಿತದ ಕುರಿತು ಬರೆದ ಪ್ರಬಂಧದಲ್ಲಿ, ತಯಾರಿಕೆಯ ವೆಚ್ಚದಲ್ಲಿ ಕೂಲಂಟ್‌ಗೆ ಸಂಬಂಧಿಸಿದ ಪಾಲು ಶೇ. 7ರಿಂದ 17ರಷ್ಟಿದ್ದು, ಟೂಲ್‌ಗಳ ಪಾಲು ಶೇ. 2ರಿಂದ 4 ಮಾತ್ರ ಎಂದು ತಿಳಿಸಲಾಗಿದೆ. ಅಂಕಿ ಸುಳ್ಳಲ್ಲ; ಆದರೆ ಅದು ಜರ್ಮನಿಯ ವಾಹನ ಉದ್ಯಮದ ದೊಡ್ಡ ಕಾರ್ಖಾನೆಗಳದು. ನೆಲದಡಿಯ ಕಾಲುವೆ, ಸಾವಿರಾರು ಲೀಟರ್‌ನ ಕೇಂದ್ರ ತೊಟ್ಟಿ, ಶೋಧಕ, ಶೈತ್ಯಯಂತ್ರ ಇವೆಲ್ಲದರ ವೆಚ್ಚ ಅದರಲ್ಲಿ ಸೇರಿದೆ. ಪೀಣ್ಯದಲ್ಲಿಯೋ ಬೆಳಗಾವಿಯ ಉದ್ಯಮಬಾಗದಲ್ಲಿಯೋ ಎರಡು ಲೇತ್ ಇಟ್ಟುಕೊಂಡು ಸಿಬಿಎನ್‌ನಿಂದ ಗಡಸು ಉಕ್ಕು ಕಡೆಯುವವರಲ್ಲಿ ಈ ಅನುಪಾತ ತಲೆಕೆಳಗಾಗಿರುತ್ತದೆ.

ಮೇಲಿನ ಉದಾಹರಣೆಯನ್ನೇ ಮುಂದುವರಿಸಬಹುದು. ಎರಡು ಮೊನೆಗಳ ಸಿಬಿಎನ್ ಇನ್ಸರ್ಟ್‌ಗೆ 3,000 ರೂಪಾಯಿ, ಅಂದರೆ ಮೊನೆಗೆ 1,500. ಒಂದು ಮೊನೆಯಲ್ಲಿ 200 ಭಾಗಗಳು ಬಂದರೆ ಭಾಗಕ್ಕೆ ಏಳೂವರೆ ರೂಪಾಯಿ. ದಿನಕ್ಕೆ 200ರಂತೆ ವರ್ಷಕ್ಕೆ 60,000 ಭಾಗಗಳಿಗೆ ಟೂಲ್‌ನ ಖರ್ಚು ರೂ. 4,50,000, ಕೂಲಂಟ್‌ನ ಒಟ್ಟು ಖರ್ಚಿನ ಏಳೂವರೆ ಪಟ್ಟು. ಅತ್ಯಲ್ಪ ಪದ್ಧತಿಯಿಂದ ಮೊನೆಯ ಬಾಳಿಕೆ 250ಕ್ಕೆ ಏರಿದರೆ ಭಾಗಕ್ಕೆ 6 ರೂಪಾಯಿಯಾಗಿ ವರ್ಷಕ್ಕೆ ರೂ. 90,000 ಉಳಿಯುತ್ತದೆ, ಹೂಡಿದ ಬಂಡವಾಳ ಒಂದೂಕಾಲು ವರ್ಷದೊಳಗೆ ಮರಳುತ್ತದೆ. ಪ್ರತಿಯಾಗಿ, ನಾಝಲ್ ಸರಿಯಿಲ್ಲದೆಯೋ ಇನ್ಸರ್ಟ್‌ನ ಆಯ್ಕೆ ತಪ್ಪಿಯೋ ಬಾಳಿಕೆ 160ಕ್ಕೆ ಇಳಿದರೆ ವರ್ಷಕ್ಕೆ ರೂ. 1,12,500 ಹೆಚ್ಚುವರಿ ಹೊರೆ. ಕೂಲಂಟ್ ಪೂರ್ತಿ ಉಚಿತವಾಗಿ ದೊರೆತರೂ ಈ ನಷ್ಟ ತುಂಬದು. ಮೊನೆಗೆ ಎಷ್ಟು ಭಾಗ ಬರುತ್ತಿದೆ ಎಂಬ ದಾಖಲೆಯನ್ನೇ ಇಡದ ಘಟಕಗಳು ಕೂಲಂಟ್ ಉಳಿಸಲು ಹೊರಡುವುದು ಕತ್ತಲಲ್ಲಿ ಸೂಜಿ ಹುಡುಕಿದಂತೆ.

ಕಾರ್ಬೈಡ್‌ನ ಕಥೆ ಬೇರೆ. ಲೇಪಿತ ಕಾರ್ಬೈಡ್ ಇನ್ಸರ್ಟ್‌ಗಳಿಂದ ಸುಮಾರು 50ರವರೆಗಿನ ಗಡಸುತನದ ಉಕ್ಕನ್ನು ಕಡೆಯಬಹುದು. ಬಿಸಿ ಏರಿದಂತೆ ಇವು ಬೇಗ ಸವೆಯುತ್ತವೆ, ಆದುದರಿಂದ ಘರ್ಷಣೆ ಮತ್ತು ಶಾಖದ ಇಳಿಕೆಯ ಪ್ರಯೋಜನ ಇಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಐಐಟಿಯ ಪ್ರಯೋಗವೂ ಈ ಗಡಸುತನದ ವ್ಯಾಪ್ತಿಯದೇ ಎಂಬುದನ್ನು ನೆನಪಿಡಬೇಕು. ಅದರ ಫಲಿತಾಂಶವನ್ನು 60ರ ಗಡಸುತನದ ಬೇರಿಂಗ್ ಉಕ್ಕಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಮೊನೆಗೆ 100 ರೂಪಾಯಿಯ ಕಾರ್ಬೈಡ್ ಇನ್ಸರ್ಟ್ 40 ಭಾಗ ಕೊಡುತ್ತಿದ್ದು, ಅದು 60ಕ್ಕೆ ಏರಿತೆಂದುಕೊಳ್ಳೋಣ. 60,000 ಭಾಗಗಳಿಗೆ 1,500 ಮೊನೆಗಳ ಬದಲು 1,000 ಸಾಕು; ರೂ. 50,000 ಉಳಿಯಿತು. ಮೊನೆ ಬದಲಿಸಿ ಅಳತೆ ಹೊಂದಿಸಲು ಪ್ರತಿಬಾರಿ ಐದು ನಿಮಿಷವೆಂದರೆ 500 ಬದಲಾವಣೆಗಳ ಸುಮಾರು 42 ಗಂಟೆಯೂ ಉಳಿಯಿತು. ಗಂಟೆಗೆ 400 ರೂಪಾಯಿಯಂತೆ ಅದು ಇನ್ನೂ ಸುಮಾರು ಹದಿನೇಳು ಸಾವಿರ. ಪೂರ್ತಿ ಆರ್ಡರ್ ಇರುವ ಘಟಕಕ್ಕೆ ಈ ಗಂಟೆಗಳು ಇನ್ನೂ ಹೆಚ್ಚು ಬೆಲೆಯವು.

ಮೇಲ್ಮೈ, ಮಂಜು ಮತ್ತು ಕೆಲಸಗಾರ

ಗ್ರೈಂಡಿಂಗ್‌ಗೆ ಸಮನಾದ ನಯ ಲೇತ್‌ನಲ್ಲಿ ಬರುವುದೇ ಎಂದು ಶಂಕಿಸುವವರಿದ್ದಾರೆ. 0.8 ಮಿ.ಮೀ. ಮೂಲೆಯ ತ್ರಿಜ್ಯವುಳ್ಳ ಇನ್ಸರ್ಟ್‌ನಲ್ಲಿ ಸುತ್ತಿಗೆ 0.1 ಮಿ.ಮೀ. ಫೀಡ್ ಕೊಟ್ಟರೆ ಸೂತ್ರದ ಪ್ರಕಾರ ಆರ್‌ಎ ಸುಮಾರು 0.4 ಮೈಕ್ರಾನ್ ಬರುತ್ತದೆ. ಯಂತ್ರ ಬಿಗಿಯಾಗಿದ್ದರೆ ಅದರ ಹತ್ತಿರ ತಲುಪಬಹುದು. ಕಣ್ಣಿಗೂ ಬೆರಳಿಗೂ ಸಿಗದ ದೋಷವೊಂದು ಮಾತ್ರ ಅಪಾಯಕಾರಿ. ಸವೆದ ಟೂಲ್‌ನಿಂದ ಉಜ್ಜಿದಾಗ ಉಕ್ಕಿನ ಮೇಲ್ಪದರ ಕ್ಷಣದಲ್ಲಿ ಕಾದು ಕ್ಷಣದಲ್ಲಿ ತಣಿದು, ಕೆಲವು ಮೈಕ್ರಾನ್ ದಪ್ಪದ ಪೆಡಸು ಪದರವಾಗುತ್ತದೆ. ಆಮ್ಲದಲ್ಲಿ ಅದ್ದಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಿಳಿಯಾಗಿ ಕಾಣುವುದರಿಂದ ಇದನ್ನು ಬಿಳಿ ಪದರ ಎನ್ನುತ್ತಾರೆ. ಬೇರಿಂಗ್‌ನಂಥ ಭಾಗಗಳಲ್ಲಿ ಇದು ಸಿಡಿದು ಆಯುಷ್ಯ ಕುಗ್ಗಿಸುತ್ತದೆ. ಕೂಲಂಟ್‌ನ ಯಾವ ಪದ್ಧತಿಯೂ ಇದಕ್ಕೆ ಪೂರ್ಣ ರಕ್ಷೆಯಲ್ಲ. ಸವೆತದ ಮಿತಿಯನ್ನು ಮೊದಲೇ ಗೊತ್ತುಮಾಡಿ ಮೊನೆಯನ್ನು ಸಕಾಲದಲ್ಲಿ ಬದಲಿಸುವುದೇ ದಾರಿ. ಮೊನೆಗೆ ಇನ್ನಷ್ಟು ಭಾಗ ಎಳೆಯುವ ಆಸೆಗೆ ಇಲ್ಲಿ ಗಡಿಯಿದೆ.

ಎಣ್ಣೆ ಕಡಿಮೆಯಾಯಿತೆಂದರೆ ಕೆಲಸಗಾರನ ಆರೋಗ್ಯ ತಾನಾಗಿಯೇ ಸುಧಾರಿಸಿತೆಂದು ತಿಳಿಯುವುದೂ ತಪ್ಪು. ಕೈಗಳು ಸದಾ ಕೂಲಂಟ್‌ನಲ್ಲಿ ನೆನೆದು ಬರುವ ಚರ್ಮರೋಗ ಕಡಿಮೆಯಾಗುತ್ತದೆ, ನೆಲ ಜಾರುವುದಿಲ್ಲ. ಆದರೆ ಊದುವ ಪದ್ಧತಿಯಲ್ಲಿ ಎಣ್ಣೆ ಉಸಿರಿಗೆ ಸೇರುವಷ್ಟು ಸಣ್ಣ ಹನಿಯಾಗಿರುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು 1998ರಲ್ಲಿ ಇಂಥ ದ್ರವಗಳ ಮಂಜಿಗೆ ಘನ ಮೀಟರಿಗೆ 0.5 ಮಿಲಿಗ್ರಾಂ ಮಿತಿಯನ್ನು ಶಿಫಾರಸು ಮಾಡಿದೆ. ಬಾಗಿಲು ತೆರೆದ ಸಾಮಾನ್ಯ ಲೇತ್‌ಗೆ ನಾಝಲ್ ಜೋಡಿಸಿ, ಹೀರುವ ಫ್ಯಾನ್‌ನ ಖರ್ಚನ್ನು ತಪ್ಪಿಸಿದವರು ಆ ಖರ್ಚನ್ನು ಆಪರೇಟರ್‌ನ ಶ್ವಾಸಕೋಶಕ್ಕೆ ವರ್ಗಾಯಿಸಿದಂತಾಗುತ್ತದೆ. ಧಾರೆಯಿಲ್ಲದೆ ಕೆಂಪಗೆ ಕಾದ ಚಿಪ್ಸ್ ಮೂಲೆಯಲ್ಲಿ ಗುಡ್ಡೆಯಾಗುವುದರಿಂದ ಬೆಂಕಿಯ ಎಚ್ಚರವೂ ಬೇಕು. ಬೆಡ್ ಇಳಿಜಾರಾಗಿರುವ ಯಂತ್ರಗಳಲ್ಲಿ ಚಿಪ್ಸ್ ತಾವೇ ಜಾರಿ ಬೀಳುತ್ತವೆ; ಚಪ್ಪಟೆ ಬೆಡ್‌ನವುಗಳಲ್ಲಿ ಆಗಾಗ ತೆಗೆಯಬೇಕು. ಒಣ ಚಿಪ್ಸ್‌ಗೆ ಸ್ಕ್ರ್ಯಾಪ್ ವ್ಯಾಪಾರಿಗಳಿಂದ ಒದ್ದೆಯವುಗಳಿಗಿಂತ ಉತ್ತಮ ದರವನ್ನು ಕೇಳಲು ಅವಕಾಶವಿದೆ ಎಂಬುದೊಂದು ಸಣ್ಣ ಸಮಾಧಾನ.

ಪರೀಕ್ಷೆಯ ಕ್ರಮ

ಉಪಕರಣವನ್ನು ಕೊಳ್ಳುವ ಮೊದಲು ಸರಬರಾಜುದಾರರಿಂದ ಕೆಲವು ವಾರಗಳ ಮಟ್ಟಿಗೆ ಪರೀಕ್ಷೆಗೆ ಪಡೆಯುವುದು ಉಚಿತ. ಒಂದೇ ಭಾಗ, ಒಂದೇ ಹೀಟ್ ಟ್ರೀಟ್‌ಮೆಂಟ್ ಬ್ಯಾಚ್, ಒಂದೇ ವೇಗ ಮತ್ತು ಫೀಡ್ ಇಟ್ಟುಕೊಂಡು ಧಾರೆ, ಒಣ ಮತ್ತು ಅತ್ಯಲ್ಪ ಈ ಮೂರರಲ್ಲಿಯೂ ಕನಿಷ್ಠ ಐದಾರು ಮೊನೆಗಳನ್ನು ಸವೆಸಿ ನೋಡಬೇಕು. ಒಂದು ಮೊನೆಯ ಫಲಿತಾಂಶದಿಂದ ಏನನ್ನೂ ನಿರ್ಧರಿಸಲಾಗದು, ಏಕೆಂದರೆ ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಎರಡು ಅಂಕಿ ಗಡಸುತನ ಹೆಚ್ಚು ಕಡಿಮೆಯಾದರೂ ಬಾಳಿಕೆ ಗಣನೀಯವಾಗಿ ಬದಲಾಗುತ್ತದೆ. ಭಾಗಗಳನ್ನು ಕೋಣೆಯ ಉಷ್ಣತೆಗೆ ಇಳಿಸಿದ ಮೇಲೆಯೇ ಅಳೆಯಬೇಕು. ನಯ ಮತ್ತು ಅಳತೆಯ ಪರಿಶೀಲನೆಗೆ ಸ್ವಂತ ಸಾಧನಗಳಿಲ್ಲದವರು ಬೆಂಗಳೂರಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಂಥ ಪ್ರಯೋಗಾಲಯಗಳ ನೆರವು ಪಡೆಯಬಹುದು. 1962ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಯಂತ್ರೋಪಕರಣ ಮತ್ತು ಅಳತೆಶಾಸ್ತ್ರದ ಕ್ಷೇತ್ರದಲ್ಲಿ ಉದ್ಯಮಗಳಿಗೆ ಸೇವೆ ನೀಡುತ್ತ ಬಂದಿದೆ.

ಫಲಿತಾಂಶವನ್ನು ಭಾಗವೊಂದಕ್ಕೆ ಬೀಳುವ ಒಟ್ಟು ವೆಚ್ಚವಾಗಿ ಬರೆಯಬೇಕು. ಟೂಲ್‌ನ ಮೊನೆ, ಮೊನೆ ಬದಲಿಸುವ ಸಮಯ, ಕೂಲಂಟ್‌ನ ಕಾಣುವ ಮತ್ತು ಕಾಣದ ಖರ್ಚು, ಇವುಗಳೊಡನೆ ತಿರಸ್ಕೃತ ಭಾಗಗಳ ಮೌಲ್ಯವನ್ನೂ ಸೇರಿಸಬೇಕು. ಹಾರ್ಡ್ ಟರ್ನಿಂಗ್ ಕೊನೆಯ ಹಂತವಾದುದರಿಂದ ಇಲ್ಲಿ ಕೆಟ್ಟ ಭಾಗವು ಫೋರ್ಜಿಂಗ್, ಮೆದು ಟರ್ನಿಂಗ್, ಹೀಟ್ ಟ್ರೀಟ್‌ಮೆಂಟ್ ಎಲ್ಲದರ ವೆಚ್ಚವನ್ನೂ ಹೊತ್ತುಕೊಂಡೇ ಸ್ಕ್ರ್ಯಾಪ್‌ಗೆ ಹೋಗುತ್ತದೆ. ಮಾಲು ಗ್ರಾಹಕರದಾಗಿದ್ದರೆ ಡೆಬಿಟ್ ನೋಟ್ ಬರುವುದು ಆ ಪೂರ್ತಿ ಮೊತ್ತಕ್ಕೆ, ಜಾಬ್‌ವರ್ಕ್ ದರಕ್ಕಲ್ಲ.

ಬಂಡವಾಳದ ಲೆಕ್ಕದಲ್ಲಿ ಒಂದು ಸೂಚನೆ. ಉಪಕರಣದ ಮೇಲೆ ತೆತ್ತ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆದರೆ ಅದೇ ತೆರಿಗೆಯ ಮೊತ್ತದ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿಯನ್ನು ಕೇಳುವಂತಿಲ್ಲ. ಉಳಿದ ಮೌಲ್ಯಕ್ಕೆ ಯಂತ್ರೋಪಕರಣಗಳ ಸಾಮಾನ್ಯ ದರವಾದ ಶೇ. 15 ಅನ್ವಯವಾಗುತ್ತದೆ, ಖರೀದಿಯ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಆದುದರಿಂದ ಹೋಲಿಕೆಯನ್ನು ತೆರಿಗೆ ರಹಿತ ಬೆಲೆಯಲ್ಲಿಯೇ ಮಾಡುವುದು ಸರಿ.

ವಾಹನ ಮತ್ತು ಬೇರಿಂಗ್ ಕಂಪನಿಗಳಿಗೆ ಭಾಗ ಪೂರೈಸುವವರು ಗ್ರಾಹಕರು ಅನುಮೋದಿಸಿದ ಪ್ರಕ್ರಿಯೆಗೆ ಬದ್ಧರಾಗಿರುತ್ತಾರೆ. ಗ್ರೈಂಡಿಂಗ್ ಕೈಬಿಡುವುದು ಮಾತ್ರವಲ್ಲ, ಕೂಲಂಟ್‌ನ ಪದ್ಧತಿಯ ಬದಲಾವಣೆಯನ್ನೂ ಮೊದಲೇ ತಿಳಿಸಿ, ಮಾದರಿ ಭಾಗಗಳನ್ನು ಸಲ್ಲಿಸಿ, ಬರಹದಲ್ಲಿ ಒಪ್ಪಿಗೆ ಪಡೆಯುವುದು ಕ್ಷೇಮ. ಇದಕ್ಕೆ ಕೆಲವು ವಾರಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಹಳೆಯ ಪಂಪನ್ನೂ ಪೈಪುಗಳನ್ನೂ ಯಂತ್ರದಿಂದ ಕಳಚದೆ ಉಳಿಸಿಕೊಳ್ಳಬೇಕು. ಸಂಪ್ ಖಾಲಿಯಾದ ಬಳಿಕವೂ ಸ್ಲೈಡ್‌ಗಳ ಎಣ್ಣೆ ಅದೇ ತೊಟ್ಟಿಗೆ ಸೋರುತ್ತಿರುವುದರಿಂದ ಅದನ್ನು ವಾರಕ್ಕೊಮ್ಮೆ ತೆಗೆದು ಬಳಸಿದ ಎಣ್ಣೆಯ ದಾಖಲೆಯಲ್ಲಿ ನಮೂದಿಸುವ ವ್ಯವಸ್ಥೆಯೂ ಇರಬೇಕಾಗುತ್ತದೆ.